ಗೇಟಿಲ್ಲದ ನೀರು

ಲಾಲಮ್ಮನ ಬಗ್ಗೆ ಬರೆಯಬೇಕೆಂದರೆ ಆಕೆಯ ದನಿಯಿಂದಲೇ ಶುರು ಮಾಡಬೇಕು. ಹುಣಸಗಿ ಸಂತೆಯ ಈ ತುದಿಯಲ್ಲಿ ನಿಂತು ಆಕೆ ಕೂಗಿದರೆ ಆ ತುದಿಯಲ್ಲಿ ಮೆಣಸಿನಕಾಯಿ ತೂಗುವವನು ತಕ್ಕಡಿ ಕೆಳಗಿಡುತ್ತಿದ್ದ. ಜಗಳಗಂಟಿ ಎಂದು ಅನ್ನುವವರಿದ್ದರು. ಹಾಗೆ ಅನ್ನುತ್ತಿದ್ದವರು ಹೆಚ್ಚಾಗಿ ಗಂಡಸರು, ಅದರಲ್ಲೂ ಹೆಂಗಸರ ಕೂಲಿ ಹಿಡಿದುಕೊಳ್ಳಲು ಹೋಗಿ ಆಕೆಯ ಬಾಯಿಗೆ ಸಿಕ್ಕವರು. ನನಗೆ ಆಕೆ ಪಕ್ಕದ ಮನೆಯವಳು. ನಾನು ಹುಣಸಗಿಯ ಹತ್ತಿರದ ನಮ್ಮ ಊರಿನ ಅಂಗನವಾಡಿಯಲ್ಲಿ ಮಕ್ಕಳಿಗೆ ಅಕ್ಷರವನ್ನೂ ಉಪ್ಪಿಟ್ಟನ್ನೂ ಬಡಿಸುತ್ತಿದ್ದೆ.

ಕಾಲುವೆ ಬರುವ ಮೊದಲು ನಮ್ಮ ಕಡೆ ಜೋಳ, ಸಜ್ಜೆ, ತೊಗರಿ ಇಷ್ಟೇ. ಕೃಷ್ಣೆಯ ನೀರು ಕಾಲುವೆಯಲ್ಲಿ ಹರಿದ ಮೇಲೆ ಭತ್ತ ಬಂತು, ಭತ್ತದ ಹಿಂದೆಯೇ ಕೆಸರು ಬಂತು, ಕೆಸರಿಗೆ ಹೆಂಗಸರು ಬೇಕಾದರು. ಲಾಲಮ್ಮ ನಾಟಿಯ ಗುಂಪು ಕಟ್ಟಿದಳು. ಹುಣಸಗಿ, ಸುರಪುರ, ಒಮ್ಮೊಮ್ಮೆ ಶಹಾಪುರ ದಾಟಿ ಗೋಗಿಯ ತನಕ ಆ ಗುಂಪು ಟ್ರ್ಯಾಕ್ಟರಿನಲ್ಲಿ ಹೋಗಿ ಸಸಿ ಹಚ್ಚಿ ಬರುತ್ತಿತ್ತು. ಗುಂಪಿಗೆ ಒಂದೇ ಕಾನೂನು. "ಬದುವಿಗಿ ಹತ್ರೇ!" ಎಂದು ಲಾಲಮ್ಮ ಕೂಗಿದಳೆಂದರೆ ಕೈಯಲ್ಲಿದ್ದ ಸಸಿಯನ್ನು ಅಲ್ಲೇ ಬಿಟ್ಟು ಎಲ್ಲರೂ ಬದುವಿನ ಮೇಲಿರಬೇಕು. ಯಾಕೆಂದು ಕೇಳುವಂತಿಲ್ಲ. ಹಾವು ಕಂಡಿರಬಹುದು, ಸಿಡಿಲಿನ ಮೋಡ ಬಂದಿರಬಹುದು, ಇಲ್ಲವೇ ಹೊಲದ ಗೌಡ ಮಾತು ತಪ್ಪಿರಬಹುದು. ಪ್ರಶ್ನೆ ಏನಿದ್ದರೂ ಬದುವಿನ ಮೇಲೆ ನಿಂತ ನಂತರ.

ಆ ಗುಂಪಿಗೆ ತಿರುಗಾಟದ ಹುಚ್ಚು ಹಿಡಿಸಿದವಳೂ ಆಕೆಯೇ. ಬೇಸಿಗೆ ಬೆಳೆಯ ಕೆಲಸ ಮುಗಿದು ಕಾಲುವೆ ಬಂದ್ ಆಯಿತೆಂದರೆ ಹೆಂಗಸರ ಕೈಗೆ ಕೆಲಸವಿಲ್ಲ. ಆಗ ಶಹಾಪುರದ ಲಾಡ್ಲೇಸಾಬ ತನ್ನ ಬಸ್ಸು ತಂದು ನಮ್ಮ ಊರ ಕಾಲುವೆ ಸೇತುವೆಯ ಹತ್ತಿರ ನಿಲ್ಲಿಸುತ್ತಿದ್ದ. ಹೋಗುತ್ತಿದ್ದ ದಿಕ್ಕು ಮಾತ್ರ ವರ್ಷವೂ ಒಂದೇ. ಪಂಢರಪುರ, ತುಳಜಾಪುರ, ಅಕ್ಕಲಕೋಟೆ, ಇನ್ನೂ ಹುರುಪು ಉಳಿದಿದ್ದರೆ ಕೊಲ್ಹಾಪುರ. ಸೋಲಾಪುರದ ಸುತ್ತಲಿನ ಆ ಸೀಮೆ ಲಾಲಮ್ಮನಿಗೆ ಮನೆಯ ಅಂಗಳ. ಯಾವ ಧರ್ಮಶಾಲೆಯ ಬಚ್ಚಲಿಗೆ ಅಗುಳಿ ಇಲ್ಲ, ಯಾವ ಬಳೆಯಂಗಡಿಯವನು ಎಷ್ಟು ಹೇಳಿ ಎಷ್ಟಕ್ಕೆ ಇಳಿಯುತ್ತಾನೆ, ಎಲ್ಲ ಬಾಯಿಪಾಠ. ಜಗಳವಾಡಲು ಸಾಲುವಷ್ಟು ಮರಾಠಿ ಬರುತ್ತಿತ್ತು. ಪ್ರೀತಿಯಿಂದ ಮಾತಾಡುವಷ್ಟು ಬರುತ್ತಿರಲಿಲ್ಲ, ಅದು ಬೇಕಾಗಿಯೂ ಇರಲಿಲ್ಲ.

ಹೀಗೆ ನಡೆದಿದ್ದ ಸಂಸಾರಕ್ಕೆ ಕಡ್ಡಿ ಆಡಿಸಿದವಳು ಗುಂಪಿನ ರತ್ನಾಬಾಯಿ. ಒಂದು ವರ್ಷ ಪಂಢರಪುರದಲ್ಲಿ ದರ್ಶನ ಮುಗಿಸಿ ಹೊರಗೆ ಬಂದವಳೇ ಅಂದಳು:

"ಲಾಲಮ್ಮಕ್ಕಾ, ನಮ್ಮ ಮುಖ ನೋಡಿ ನೋಡಿ ವಿಠೋಬಗ ಬ್ಯಾಸರಾಗ್ಯಾದ. ಸೊಂಟದ ಮ್ಯಾಲ ಕೈ ಇಟ್ಕೊಂಡು ನಿಂತಾನ ನೋಡು, 'ಮತ್ತ ಬಂದ್ರೇನು' ಅನ್ನಾಕತ್ತಾನ."

ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಲಾಲಮ್ಮ ನಗಲಿಲ್ಲ. ಆ ರಾತ್ರಿ ಧರ್ಮಶಾಲೆಯಲ್ಲಿ ಸಿಕ್ಕ ಒಬ್ಬ ಮುದುಕಿ, ಗುಜರಾತದ ಭಾವನಗರದ ಕಡೆ ಸಮುದ್ರದೊಳಗೆ ಲಿಂಗಗಳಿವೆಯೆಂದೂ, ಸಮುದ್ರವೇ ಹಿಂದೆ ಸರಿದು ಭಕ್ತರಿಗೆ ದಾರಿ ಬಿಡುತ್ತದೆಂದೂ ಹೇಳಿದಳು. ಲಾಲಮ್ಮನ ತಲೆಗೆ ಅದು ಹೊಕ್ಕಿತು. ಮರುವರ್ಷ ಸೋಲಾಪುರ ದಾಟಿ ಹೋಗುವುದು, ದ್ವಾರಕೆ, ಸೋಮನಾಥ, ಆ ಸಮುದ್ರದ ಲಿಂಗ ನೋಡಿ ಬರುವುದು ಎಂದು ಊರಿಗೆ ಬಂದು ಸಾರಿಬಿಟ್ಟಳು.

ಊರು ಒಪ್ಪಬೇಕಲ್ಲ. ಪಂಢರಪುರಕ್ಕೆ ಕಳಿಸಲು ನಮ್ಮ ಗಂಡಸರು ಕಲಿತದ್ದೇ ಎಷ್ಟೋ ವರ್ಷಗಳ ಮೇಲೆ. ದೇವರ ಹೆಸರು ಹೇಳಿ, ಅತ್ತು, ಉಪವಾಸ ಕೂತು ಒಬ್ಬೊಬ್ಬಳು ಆ ಬಸ್ಸು ಹತ್ತಿದ್ದಳು. ಈಗ ಗುಜರಾತ ಎಂದ ಕೂಡಲೇ ಈಶಪ್ಪ ಎದ್ದು ನಿಂತ. ಕಾಲುವೆಯ ನೀರಿನಿಂದ ನೆಲೆ ಕಂಡ ರೈತ, ಅವನು ಹೂಂ ಅಂದರೆ ಉಳಿದವರೂ ಹೂಂ ಅನ್ನುತ್ತಿದ್ದರು. ಅವನ ತಾಯಿ ಮರಿಲಿಂಗಮ್ಮ, ಮೊಣಕಾಲು ನೋವಿನಿಂದ ಗೋಡೆ ಹಿಡಿದು ಏಳುವ ಮುದುಕಿ, ಎಲ್ಲರಿಗಿಂತ ಮೊದಲು "ನಾ ಬರ್ತೀನಿ" ಅಂದಿದ್ದಳು.

"ಪಂಢರಪುರ ತಿಳಿದ ಊರು, ಅದರ ಮಾತು ಬ್ಯಾರೆ," ಅಂದ ಈಶಪ್ಪ. "ಸಮುದ್ರ ಅಂದ್ರ ನೀರಿನ ಸಂಗಾಟ ಆಟ. ನೀರು ತಿಳಿದಾಂವ ಒಬ್ಬ ಗಂಡಸು ಸಂಗಡ ಇರಬೇಕು. ಹುಲಗಪ್ಪಣ್ಣ ಹೋದ್ರ ನಮ್ಮವ್ವನ್ನ ಕಳಸ್ತೀನಿ. ಇಲ್ಲಂದ್ರ ಇಲ್ಲ."

ಹುಲಗಪ್ಪ ಕಾಲುವೆಯ ಗೇಟು ಎತ್ತಿ ಇಳಿಸುವ ಕೆಲಸದಿಂದ ಆಗಷ್ಟೇ ನಿವೃತ್ತನಾಗಿದ್ದ. ನಮ್ಮ ಭಾಗದ ಕಾಲುವೆಗೆ ನೀರು ಬಿಡುವುದು ಚಾಲೂ-ಬಂದ್ ಲೆಕ್ಕದಲ್ಲಿ. ಒಂದಷ್ಟು ದಿನ ಚಾಲೂ, ಆಮೇಲೆ ಹತ್ತು ದಿನ ಬಂದ್. ಎಂಜಿನಿಯರು ಹೇಳಿದ್ದನ್ನು ರೈತರು ನಂಬುತ್ತಿರಲಿಲ್ಲ. ಹುಲಗಪ್ಪ ಕಾಲುವೆಗೆ ಇಳಿದು ತಳದ ಮಣ್ಣು ಮುಟ್ಟಿ "ಗುರುವಾರ ಬರ್ತದ" ಅಂದರೆ ಬುಧವಾರವೇ ಸಲಿಕೆ ಹಿಡಿದು ಹೊಲಕ್ಕೆ ಹೋಗುತ್ತಿದ್ದರು. ಮಾತು ಕಡಿಮೆ, ಮೀಸೆ ದೊಡ್ಡದು, ತಾನು ತಪ್ಪುತ್ತೇನೆ ಎಂಬ ಯೋಚನೆ ಒಮ್ಮೆಯೂ ಬಂದಿರದ ಮನುಷ್ಯ. ಬರಲು ಒಪ್ಪಿದ.

ಹೊರಡುವ ಹಿಂದಿನ ದಿನ ಲಾಲಮ್ಮ ನಮ್ಮ ಕಟ್ಟೆಗೆ ಬಂದು ಕೂತಳು. "ದೇವಕಿ, ನನಗ ಹೆದರಿಕಿ ಹತ್ಯಾದ" ಅಂದಳು. ಆಕೆಯ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. "ಒಬ್ಬಾಕಿಗೆ ಏನರೆ ಆತು ಅಂದ್ರ ಮುಗೀತು. ಬರೋ ವರ್ಷ ಸಮುದ್ರ ಹೋಗ್ಲಿ, ಪಂಢರಪುರಕ್ಕೂ ಯಾರೂ ಕಳಸೂದಿಲ್ಲ. ಇಷ್ಟು ವರ್ಷ ತೆರೆದಿಟ್ಟ ಬಾಗ್ಲಾ ಒಂದ ದಿನದಾಗ ಮುಚ್ಚತಾರ." ಹಾಗಿದ್ದರೆ ಬಿಟ್ಟುಬಿಡು ಅಂದೆ. ಬಿಡುವ ಜಾತಿಯವಳಾಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಪುಣೆ ದಾಟುವ ತನಕ ಬಸ್ಸಿನಲ್ಲಿ ಹಾಡು, ಚೇಷ್ಟೆ. ಸೂರತ್ ಬಂದಾಗ ಲಾಲಮ್ಮನ ಮರಾಠಿ ಕೈಕೊಟ್ಟಿತು. ಅಂಗಡಿಯವನು ಏನೋ ಅಂದ, ಈಕೆ ಏನೋ ಅಂದಳು, ಜಗಳವೇ ಹುಟ್ಟಲಿಲ್ಲ. ಸೋಲಾಪುರದ ಬೀದಿಗಳಲ್ಲಿ ಸೆರಗು ಸಿಕ್ಕಿಸಿ ಮುಂದೆ ನಡೆಯುತ್ತಿದ್ದವಳು ಇಲ್ಲಿ ಲಾಡ್ಲೇಸಾಬನ ಹಿಂದೆ ನಿಂತು ಅವನ ಹಿಂದಿಗೆ ಕಿವಿಗೊಡಬೇಕಾಯಿತು. ಹೆಂಗಸರು ಅದನ್ನು ಗಮನಿಸಿದರು. ಏನು ಕೇಳುವುದಿದ್ದರೂ ಅವರು ಹುಲಗಪ್ಪನನ್ನು ಕೇಳತೊಡಗಿದರು. ದಾರಿ ಅವನಿಗೂ ಗೊತ್ತಿರಲಿಲ್ಲ, ಆದರೆ ಮೀಸೆ ಇತ್ತು. ನನಗೆ ಅದು ನೋಡಿ ಉರಿದುಹೋಯಿತು.

ಅಮಾವಾಸ್ಯೆಯ ದಿನ ಬೆಳಿಗ್ಗೆ ಆ ಸಮುದ್ರದ ಊರಿಗೆ ಮುಟ್ಟಿದೆವು. ಬಸ್ಸಿಳಿದು ನೋಡಿದರೆ ಸಮುದ್ರವೇ ಇಲ್ಲ. ಕಣ್ಣು ಹಾಯುವಷ್ಟು ದೂರ ಒದ್ದೆ ಮರಳು, ಕಪ್ಪು ಕೆಸರು, ಅಲ್ಲಲ್ಲಿ ನಿಂತ ನೀರು. ಬಲು ದೂರದಲ್ಲಿ ಒಂದು ಬಂಡೆಯ ಮೇಲೆ ಧ್ವಜ, ಅದರ ಕೆಳಗೆ ಲಿಂಗಗಳು. ಜನ ಸಾಲಾಗಿ ನಡೆದು ಹೋಗುತ್ತಿದ್ದರು. ನಮ್ಮವರು ಕೈ ಮುಗಿದು ಚಪ್ಪಲಿ ಬಿಟ್ಟು ಇಳಿದರು. ನಾಟಿ ಮಾಡುವ ಹೆಂಗಸರಿಗೆ ಕೆಸರು ಹೊಸದೇ? ಗುಜರಾತಿನವರು ಜಾರಿ ಬೀಳುತ್ತಿದ್ದಲ್ಲಿ ನಮ್ಮವರು ಸರಸರ ನಡೆದರು.

ಹುಲಗಪ್ಪ ಕುಕ್ಕರಗಾಲಿನಲ್ಲಿ ಕೂತು ನೆಲ ಮುಟ್ಟಿದ. ಬೆರಳಿಗೆ ಹತ್ತಿದ ಕೆಸರನ್ನು ಉಜ್ಜಿ ನೋಡಿದ. ಪಾರ್ವತೆಮ್ಮ, ಗುಂಪಿನಲ್ಲೇ ಚುರುಕಾದ ಹೆಣ್ಣು, ಕೇಳಿದಳು:

"ಅಣ್ಣಾ, ನೀರು ಎಲ್ಲಿ ಹೋತು?"

"ಬಂದ್ ಮಾಡ್ಯಾರ."

"ಯಾರು?"

"ಯಾರರೆ ಮಾಡಿರ್ತಾರ. ಅಮಾಸಿ ಅಲ್ಲ, ಮಂದಿ ಬರ್ತದಂತ ಬಂದ್ ಇಟ್ಟಾರ. ನೆಲ ಇಷ್ಟು ಬಿಗೀ ಆಗ್ಯಾದ ಅಂದ್ರ ನೀರು ಇಳದು ಭಾಳ ಹೊತ್ತಾತು. ಇನ್ನ ಹತ್ತು ದಿನ ಫಿಕರ್ ಇಲ್ಲ. ಸಾವಕಾಶ ಪೂಜಿ ಮಾಡ್ರಿ."

ಓದುವವರು ನಗಬೇಡಿ. ನಮ್ಮ ಕಡೆ ನೀರೆಂದರೆ ಯಾರೋ ಬಿಡುವುದು, ಯಾರೋ ನಿಲ್ಲಿಸುವುದು. ಮೇಲಿನಿಂದ ಹುಕುಂ ಬರಬೇಕು, ಗೇಟು ಏಳಬೇಕು, ಆಮೇಲೆ ನೀರು. ಹೇಳದೆ ಕೇಳದೆ ತಾನಾಗಿ ಬರುವ ನೀರೆಂದರೆ ನಮಗೆ ಗೊತ್ತಿದ್ದದ್ದು ಮಳೆಯೊಂದೇ. ಅಷ್ಟು ದೊಡ್ಡ ನೀರು ದಿನವೂ ಹೋಗಿ ದಿನವೂ ಬರುತ್ತದೆ ಎಂದರೆ ನಮ್ಮೂರಲ್ಲಿ ಯಾರು ನಂಬುತ್ತಿದ್ದರು? ಹುಲಗಪ್ಪನ ಮಾತು ಎಲ್ಲರಿಗೂ ಸರಿಯಾಗಿಯೇ ಕಂಡಿತು, ಲಾಲಮ್ಮನಿಗೂ ಕಂಡಿತು.

ರೇಣಮ್ಮ ಎಂಬ ಹುಡುಗಿ ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಸೋತಿದ್ದಳು. ಆಕೆಯನ್ನು ನೋಡಿಕೊಳ್ಳಲೆಂದು ಲಾಲಮ್ಮ ದಂಡೆಯಲ್ಲೇ ಉಳಿದಳು, ಅಡುಗೆಗೆ ನಾನು ಉಳಿದೆ. ಎಲ್ಲರ ದರ್ಶನ ಮುಗಿದ ಮೇಲೆ ನಾವಿಬ್ಬರೂ ಹೋಗುವುದೆಂದು ಮಾತಾಗಿತ್ತು. ಅಕ್ಕಿ ಕುದಿಯುತ್ತಿತ್ತು. ಆಗ ಚಹಾದಂಗಡಿಯ ಕಡೆಯಿಂದ ಲಾಡ್ಲೇಸಾಬ ಓಡಿ ಬಂದ. ಅವನು ಓಡಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ, ದೊಡ್ಡ ಹೊಟ್ಟೆಯ ಮನುಷ್ಯ.

"ಲಾಲಮ್ಮಾ, ನಮ್ಮ ಮಂದಿನ ಕರಿ! ಚಾದಾಂವ ಹೇಳಾಕತ್ತಾನ, ನೀರು ತಿರುಗಿ ಬರಾಕತ್ತದಂತ!"

"ಯಾವಾಗ?"

"ಈಗ! ದಿನಾ ಬರ್ತದಂತ. ಆ ಧ್ವಜದ ಕಟಗಿ ಒಂದ ಕಾಣ್ತದಂತ, ಉಳಿದದ್ದೆಲ್ಲಾ ಮುಳುಗತದಂತ!"

ನೋಡಿದೆವು. ಹೂವಿನವರು, ತೆಂಗಿನಕಾಯಿಯವರು, ಭಕ್ತರು ಎಲ್ಲ ದಂಡೆಯ ಕಡೆ ಬರುತ್ತಿದ್ದರು. ಹೋಗುತ್ತಿದ್ದವರು ಯಾರೂ ಇರಲಿಲ್ಲ. ಬಂಡೆಯ ಮೇಲೆ ಬಣ್ಣಬಣ್ಣದ ಇಳಕಲ್ ಸೀರೆಗಳಷ್ಟೇ ಉಳಿದಿದ್ದವು. ಲಾಲಮ್ಮ ಕೂಗಿದಳು. ಹುಣಸಗಿ ಸಂತೆಯನ್ನು ನಿಲ್ಲಿಸುತ್ತಿದ್ದ ಆ ದನಿಯನ್ನು ಸಮುದ್ರದ ಗಾಳಿ ಬಾಯಿಂದಲೇ ಕಿತ್ತುಕೊಂಡು ಹಿಂದಕ್ಕೆ ಒಯ್ದಿತು. ಆಕೆ ಸೀರೆಯ ಕಚ್ಚೆ ಹಾಕಿದಳು, ಓಡಿದಳು. ರೇಣಮ್ಮನನ್ನು ಲಾಡ್ಲೇಸಾಬನಿಗೆ ಒಪ್ಪಿಸಿ ನಾನೂ ಹಿಂದೆ ಓಡಿದೆ. ಎದುರು ಬರುತ್ತಿದ್ದವರು ನಮ್ಮನ್ನು ನೋಡಿ ಕೈ ಅಡ್ಡ ಹಿಡಿದು ಏನೇನೋ ಕೂಗಿದರು. ಒಂದು ಮಾತೂ ತಿಳಿಯಲಿಲ್ಲ, ಅರ್ಥ ಮಾತ್ರ ತಿಳಿಯಿತು.

ಬಂಡೆ ಮುಟ್ಟಿದರೆ ಅಲ್ಲಿ ಹಬ್ಬ. ಜನ ಕಡಿಮೆಯಾದರೆಂದು ನಮ್ಮವರು ನೆಮ್ಮದಿಯಿಂದ ಲಿಂಗ ತೊಳೆದು, ವಿಭೂತಿ ಹಚ್ಚಿ, ರೊಟ್ಟಿ ಗಂಟು ಬಿಚ್ಚಿ ಕೂತಿದ್ದರು. ನಂಚಿಕೊಳ್ಳುವ ಶೇಂಗಾ ಹಿಂಡಿ ಕೈಯಿಂದ ಕೈಗೆ ಹೋಗುತ್ತಿತ್ತು. ಮರಿಲಿಂಗಮ್ಮ ಕಾಲು ಚಾಚಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು.

"ಏಳ್ರಿ, ನೀರು ಬರಾಕತ್ತದ," ಅಂದಳು ಲಾಲಮ್ಮ, ಏದುಸಿರು ಬಿಡುತ್ತ.

ಹೆಂಗಸರು ಆಕೆಯನ್ನು ನೋಡಲಿಲ್ಲ, ಹುಲಗಪ್ಪನನ್ನು ನೋಡಿದರು. ಅವನು ರೊಟ್ಟಿ ಮುರಿಯುತ್ತ ನಕ್ಕ.

"ಯಾರು ಹೇಳ್ಯಾರ?"

"ಚಾದಾಂವ."

"ಚಾ ಮಾರೂ ಮಂದಿಗಿ ನೀರು ಏನು ತಿಳೀತದ ತಂಗೀ? ಇಡೀ ಹಯಾತಿ ಗೇಟ್ ಎತ್ತೀನಿ ನಾ. ಒಣಗಿದ ಪಾತ್ರದಾಗ ನೀರು ಬಂದು ಮುಟ್ಟಬೇಕಂದ್ರ ರಾತ್ರಿ ಹಗಲು ಬೇಕು. ಕೂಡು, ಉಸಿರು ಬಿಡು, ರೊಟ್ಟಿ ತಿನ್ನು."

"ಅಣ್ಣಾ, ಇದು ಕಾಲುವಿ ಅಲ್ಲ."

"ನೀರು ಎಲ್ಲಿದ್ರೂ ನೀರ."

ರತ್ನಾಬಾಯಿ ಅಂದಳು, "ಲಾಲಮ್ಮಕ್ಕಾ, ನೀನೂ ಸಮುದ್ರ ಇವತ್ತ ನೋಡೀದಿ. ಅಣ್ಣ ಹೇಳಾಕತ್ತಾನಲ್ಲ."

ಲಾಲಮ್ಮನ ಮುಖ ನಾನು ನೋಡಿದೆ. ಪಂಢರಪುರದಲ್ಲಾಗಿದ್ದರೆ ಆಕೆ ಇವರೆಲ್ಲರ ಬಾಯಿ ಮುಚ್ಚಿಸುತ್ತಿದ್ದಳು. ಇಲ್ಲಿ ಆಕೆಗೂ ಏನೂ ಗೊತ್ತಿರಲಿಲ್ಲ. ಚಹಾದವನ ಮಾತು ಸುಳ್ಳಾದರೆ ಊರಿಗೆಲ್ಲ ನಗೆಪಾಟಲು. ಹುಲಗಪ್ಪನ ಮಾತು ಸುಳ್ಳಾದರೆ ಇಷ್ಟೂ ಜೀವ. ವಾದ ಮಾಡಿ ಗೆಲ್ಲುವಷ್ಟು ಹೊತ್ತೂ ಇರಲಿಲ್ಲ. ಆಗ ಆಕೆ ಎರಡೂ ಕಾಲು ಅಗಲಿಸಿ ನಿಂತು, ಹೊಟ್ಟೆಯೊಳಗಿನಿಂದ ಕೂಗಿದಳು:

"ಬದುವಿಗಿ ಹತ್ರೇ!"

ರೊಟ್ಟಿಗಳು ಕೆಳಗೆ ಬಿದ್ದವು. ಹೆಂಗಸರೆಲ್ಲ ಎದ್ದು ನಿಂತಿದ್ದರು. ತಾವು ಎದ್ದದ್ದು ಯಾಕೆಂದು ಅವರಿಗೇ ತಿಳಿಯದು. ವರ್ಷಗಟ್ಟಲೆ ಆ ಕೂಗಿಗೆ ಏಳುತ್ತಿದ್ದ ಬೆನ್ನುಗಳು ಎದ್ದಿದ್ದವು. "ಪಾರ್ವತೆಮ್ಮ, ಮುಂದ ನಡಿ! ಬಸ್ ನೋಡ್ಕೊಂತ ನಡಿ. ಒಬ್ಬರ ಸೆರಗು ಒಬ್ಬರು ಹಿಡೀರಿ. ಮಾತು ಬದುವಿನ ಮ್ಯಾಲ!" ಸಾಲು ಹೊರಟಿತು. ಪ್ರಶ್ನೆ ಕೇಳಲು ಬಾಯಿ ತೆರೆದ ರತ್ನಾಬಾಯಿಯೂ ಸೆರಗು ಹಿಡಿದು ನಡೆದಳು.

ಉಳಿದವರು ನಾಲ್ವರು. ಮರಿಲಿಂಗಮ್ಮ ನಾಟಿಯವಳಲ್ಲ, ಏಳಲು ಕೈ ಬೇಕು. ಆಕೆಯನ್ನು ನಾನು, ಲಾಲಮ್ಮ ಎಬ್ಬಿಸುತ್ತಿದ್ದೆವು. ಹುಲಗಪ್ಪ ಕೂತೇ ಇದ್ದ, ಅವಮಾನಕ್ಕೆ ಮುಖ ಕೆಂಪಾಗಿತ್ತು. ಅಷ್ಟರಲ್ಲಿ ನಾನು ದಂಡೆಯ ಕಡೆ ನೋಡಿದೆ. ನೀರು ಮುಂದಿನಿಂದ ಬಂದಿರಲಿಲ್ಲ. ನಮ್ಮ ಬೆನ್ನ ಹಿಂದೆ, ಬರುವಾಗ ನಾವು ದಾಟಿದ ತಗ್ಗಿನಲ್ಲಿ ಅಡ್ಡಲಾಗಿ ಸದ್ದಿಲ್ಲದೆ ತುಂಬುತ್ತಿತ್ತು. ಸಾಲಿನ ಕೊನೆಯವಳು ಮೊಣಕಾಲುದ್ದ ನೀರಿನಲ್ಲಿ ಆಚೆ ಏರುತ್ತಿದ್ದಳು.

"ಅಣ್ಣಾ, ಅಲ್ಲಿ ನೋಡು!"

ಹುಲಗಪ್ಪ ನೋಡಿದ. "ಗೇಟ್ ಸೋರಾಕತ್ತಿರಬೇಕು," ಅಂದ. ಆದರೆ ದನಿಯಲ್ಲಿ ಬಲವಿರಲಿಲ್ಲ. ಎದ್ದು ಬಂಡೆಯ ಅಂಚಿಗೆ ಬಂದ. ಅವನ ಕಾಲ ಬುಡದಲ್ಲೇ ಒಂದು ತೊರೆ ಕೆಳಗಿನ ಮರಳಿನಿಂದ ಮೇಲಿನ ಮರಳಿಗೆ ಹತ್ತುತ್ತಿತ್ತು. ಅದನ್ನು ಕಂಡು ಅವನು ಕಲ್ಲಾದ.

"ಏರಿಗಿ ಹತ್ತಾಕತ್ತದ," ಅಂದ. "ನೀರು ಏರಿಗಿ ಹತ್ತಾಕತ್ತದಲ್ಲೇ ತಂಗೀ... ಯಾರೂ ಬಿಡಲಾರದ..."

ನೀರು ಇಳಿಜಾರಿಗೆ ಹೋಗುತ್ತದೆ ಎಂಬ ಒಂದೇ ನಂಬಿಕೆಯ ಮೇಲೆ ಬದುಕಿದ ಮನುಷ್ಯ ಅವನು. ಅವನ ಮೇಲಿನ ನನ್ನ ಸಿಟ್ಟೆಲ್ಲ ಆ ಗಳಿಗೆಯಲ್ಲಿ ಇಳಿದುಹೋಯಿತು. ಲಾಲಮ್ಮ ರಟ್ಟೆ ಹಿಡಿದು ಎಳೆದಳು, ಅವನು ಕದಲಲಿಲ್ಲ.

"ಮರಿಲಿಂಗಮ್ಮತ್ತಿ, ನೀ ಇವನ ಈ ಕೈ ಹಿಡಿ, ನಾ ಆ ಕೈ ಹಿಡೀತೀನಿ. ದೇವಕಿ, ನೀ ಅತ್ತೀನ ಹಿಡಿ. ಬಿಡಬ್ಯಾಡ್ರಿ ಮತ್ತ."

ಬಂಡೆ ಇಳಿದೆವು. ಮೊದಲು ಪಾದ, ಆಮೇಲೆ ಮೊಣಕಾಲು. ತಗ್ಗಿಗೆ ಬರುವಷ್ಟರಲ್ಲಿ ಸೊಂಟದ ತನಕ ನೀರು, ಎಡದಿಂದ ಬಲಕ್ಕೆ ತಳ್ಳುವ ನೀರು. ಕಾಲ ಕೆಳಗಿನ ಮರಳು ಸರಿಯುತ್ತಿತ್ತು. ಲಾಲಮ್ಮ ಮುಂದೆ, ಕೆಸರುಗದ್ದೆಯಲ್ಲಿ ಇಡುವಂತೆ ಪಾದ ಎತ್ತದೆ ನೆಲ ತಡವುತ್ತ ಹೋಗುತ್ತಿದ್ದಳು. "ಕಾಲು ಎತ್ತಬ್ಯಾಡ್ರಿ, ಜಾರಿಸ್ರಿ." ಒಮ್ಮೆ ಆಕೆಯೇ ಕುಸಿದು ಕುತ್ತಿಗೆಯ ತನಕ ಹೋದಳು. ನಾನು ಕಿರುಚಿದೆ. ಎದ್ದಳು, ಉಪ್ಪುನೀರು ಉಗುಳಿದಳು, ಬಲಕ್ಕೆ ಸರಿದು ಮತ್ತೆ ತಡವಿದಳು. ನನಗೆ ಈಜು ಬರುವುದಿಲ್ಲ, ನಾಲ್ವರಲ್ಲಿ ಯಾರಿಗೂ ಬರುವುದಿಲ್ಲ. ಮನೆಯಲ್ಲಿ ಬಿಟ್ಟುಬಂದ ಮಗಳ ಮುಖ ಕಣ್ಣಿಗೆ ಕಟ್ಟಿತು, ಅಳು ಬಂತು.

ನೀರು ಎದೆಗೆ ಬಂದಾಗ ಹುಲಗಪ್ಪ ನಿಂತುಬಿಟ್ಟ. "ನನ್ನ ಬಿಡ್ರಿ, ನೀವು ಹೋಗ್ರಿ" ಅಂದ.

"ಬಿಡೂದು ಏನೋ, ನಡಿ!" ಗದರಿದವಳು ಮರಿಲಿಂಗಮ್ಮ. ಮುದುಕಿಯ ಮುಖದಲ್ಲಿ ನಾನು ಎಣಿಸಿರದ ಕಳೆ. "ಈ ನೀರಾಗ ನನ್ನ ಮೊಣಕಾಲು ನೋಯವಲ್ವು ನೋಡು. ಇಷ್ಟು ಹಗುರ ನಾ ಎಷ್ಟೋ ವರ್ಷ ಆತು ನಡದಿ‌ಲ್ಲ. ನಡಿ, ನಡಿ!"

ಗೋಡೆ ಹಿಡಿದು ಏಳುತ್ತಿದ್ದ ಆಕೆ ಆ ಗಟ್ಟಿ ಗಂಡಸನ್ನು ಎಳೆದುಕೊಂಡು ನಡೆದಳು. ಎದುರಿನಿಂದ ಲಾಡ್ಲೇಸಾಬ, ಅವನ ಜೊತೆ ಆ ಊರಿನ ಇಬ್ಬರು ಮೀನುಗಾರರು, ಬಸ್ಸಿನ ಮೇಲಿನ ಸಾಮಾನು ಕಟ್ಟುವ ಹಗ್ಗ ಹಿಡಿದು ನೀರಿಗೆ ಇಳಿದಿದ್ದರು. ಹಗ್ಗ ಎಸೆದರು. ಮೊದಲ ಸಲ ಸಿಗಲಿಲ್ಲ. ಎರಡನೇ ಸಲ ಲಾಲಮ್ಮನ ಕೈಗೆ ಸಿಕ್ಕಿತು.

ದಂಡೆಗೆ ಬಂದು ಬಿದ್ದಾಗ ಸಾಲಿನಲ್ಲಿ ಹೋದವರೆಲ್ಲ ಅಲ್ಲಿದ್ದರು. ತಿರುಗಿ ನೋಡಿದರೆ ಲಿಂಗಗಳಿಲ್ಲ, ಬಂಡೆಯಿಲ್ಲ, ನಮ್ಮವರು ಕೂತು ರೊಟ್ಟಿ ತಿಂದ ಜಾಗವಿಲ್ಲ. ನೀರಿನ ಮೇಲೆ ಧ್ವಜವೊಂದೇ ಆಡುತ್ತಿತ್ತು. ರತ್ನಾಬಾಯಿ ಲಾಲಮ್ಮನ ಕಾಲು ಹಿಡಿದು ಅತ್ತಳು. ಲಾಲಮ್ಮ ಆಕೆಯ ತಲೆಗೊಂದು ಮೊಟಕಿ, ಅಡುಗೆ ಸೀದ ವಾಸನೆ ಬರುತ್ತಿದೆ, ಅದನ್ನು ನೋಡು ಅಂದಳು.

ಸೋಮನಾಥಕ್ಕೆ ಹೋದೆವು, ದ್ವಾರಕೆಗೆ ಹೋದೆವು. ದೇವರ ಮುಂದೆ ನಿಂತರೂ ಎಲ್ಲರ ತಲೆಯಲ್ಲಿ ಒಂದೇ ಯೋಚನೆ, ಊರಿಗೆ ಹೋಗಿ ಏನು ಹೇಳುವುದು? ತಿಳಿದರೆ ಗಂಡಸರು ಹೊಸಿಲು ದಾಟಿಸುವುದಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ರತ್ನಾಬಾಯಿ ದೇವರ ಅರಿಶಿನಪುಡಿ ತುಂಬಿದ ಭಂಡಾರದ ಚೀಲ ತೆಗೆದಳು. ಒಬ್ಬೊಬ್ಬಳೂ ಭಂಡಾರ ಮುಟ್ಟಿ ಆಣೆ ಮಾಡಬೇಕು, ಸಮುದ್ರದ ಮಾತು ಎತ್ತಬಾರದು. ಎಲ್ಲರೂ ಮುಟ್ಟಿದರು, ನಾನೂ ಮುಟ್ಟಿದೆ. ಮರಿಲಿಂಗಮ್ಮ ಮಾತ್ರ ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದಳು. ಚೀಲ ಹುಲಗಪ್ಪನ ಮುಂದೆ ಬಂತು. ಆ ದಿನದಿಂದ ಅವನು ಬಾಯಿ ಬಿಟ್ಟಿರಲಿಲ್ಲ. ಚೀಲವನ್ನು ನೋಡಿದ, ಕಿಟಕಿಯ ಕಡೆ ತಿರುಗಿದ.

ಅಲ್ಲಿಂದ ಮುಂದೆ ಬಸ್ಸಿನಲ್ಲಿ ಉಸಿರು ಕಟ್ಟಿತು. ಊರಿನವರು ಮೊದಲು ಕೇಳುವುದು ಅವನನ್ನೇ. ಲಾಲಮ್ಮ ಎಲ್ಲರನ್ನೂ ನೀರಿಗೆ ಇಳಿಸಿದಳು, ನಾನು ಉಳಿಸಿದೆ ಎಂದು ಅವನು ಒಂದು ಮಾತು ಅಂದರೆ ಸಾಕು, ಅದೇ ನಿಜವಾಗುತ್ತದೆ. ನೀರಿನ ವಿಷಯದಲ್ಲಿ ಅವನ ಮಾತಿಗೆ ಎದುರು ಮಾತಾಡುವವರು ಯಾರು? "ನೀ ಕೇಳು ಅವನ್ನ, ಏನಂತಾನ ನೋಡು" ಎಂದು ಲಾಲಮ್ಮನಿಗೆ ಅಂದೆ. "ಕೇಳೂದಿಲ್ಲ," ಅಂದಳು. "ಅಂವ ಬದುಕಿ ಬಂದಾನ. ಏನ ಹೇಳ್ತಾನ ಅದು ಅವನಿಗಿ ಬಿಟ್ಟದ್ದು." ಆದರೆ ಸೋಲಾಪುರ ದಾಟಿದ ಮೇಲೆ ಆಕೆ ಕಣ್ಣು ಮುಚ್ಚಲೇ ಇಲ್ಲ, ಅದು ನನಗೆ ಗೊತ್ತು.

ಕಾಲುವೆ ಸೇತುವೆಯ ಹತ್ತಿರ ಬಸ್ಸು ನಿಂತಾಗ ಗಂಡಸರೆಲ್ಲ ಬಂದು ಕಾಯುತ್ತಿದ್ದರು. ಈಶಪ್ಪ ಮುಂದೆ ಬಂದು ಹುಲಗಪ್ಪನ ಕೈ ಹಿಡಿದು ಇಳಿಸಿಕೊಂಡ.

"ಹೆಂಗಾತು ಅಣ್ಣಾ? ಸಮುದ್ರ ಹೆಂಗದ?"

ಹುಲಗಪ್ಪ ನೆಲ ನೋಡಿದ. ನಾನು ಲಾಲಮ್ಮನ ಕೈ ಹಿಡಿದೆ.

"ಈಶಪ್ಪಾ," ಅಂದ. "ನೀರು ತಿಳಿದಾಂವ ಅಂತ ನನ್ನ ಕಳಿಸಿದ್ರಿ. ನನಗ ತಿಳೀಲಿಲ್ಲ. ಬರೂದಿಲ್ಲ ಅಂತ ಹೇಳಿದೆ, ಬಂತು. ನನ್ನ ಮಾತು ಕೇಳಿ ಕುಂತಿದ್ರ ಈ ಬಸ್ ಖಾಲಿ ಬರ್ತಿತ್ತು. ಲಾಲಮ್ಮ ಎಬ್ಬಿಸಿ ತಂದಳು. ನನ್ನೂ ಕೈ ಹಿಡಿದು ತಂದಾಳ. ಇನ್ನ ನೀರಿನ ಮಾತು ನನ್ನ ಕೇಳಬ್ಯಾಡ್ರಿ."

ಇಷ್ಟು ಹೇಳಿ, ತನ್ನ ಚೀಲ ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ ಬದಿಗೆ ಸರಿದು ನಿಂತ. ಅವನ ಮೇಲೆ ನನಗೆ ಅಷ್ಟು ಗೌರವ ಯಾವತ್ತೂ ಬಂದಿರಲಿಲ್ಲ. ಆದರೆ ಸತ್ಯದಿಂದ ನಮಗೆ ಆದ ಉಪಕಾರವಾದರೂ ಏನು? ಗಂಡಸರ ಗುಂಪಿನಲ್ಲಿ ಗುಜುಗುಜು ಎದ್ದಿತು. ಕೆಲವರು ತಮ್ಮ ಹೆಂಡಂದಿರನ್ನು ರಟ್ಟೆ ಹಿಡಿದು ಆ ಕಡೆ ಎಳೆದುಕೊಂಡರು. ಈಶಪ್ಪ ಲಾಲಮ್ಮನ ಮುಂದೆ ಬಂದು ನಿಂತ.

"ಸಾಕಿನ್ನ. ಇದ ಕಡೀ. ಸಮುದ್ರನೂ ಬ್ಯಾಡ, ಪಂಢರಪುರನೂ ಬ್ಯಾಡ. ನಮ್ಮವ್ವ ಇನ್ನ ಈ ಸೇತುವಿ ದಾಟೂದಿಲ್ಲ. ಯಾರ ಮನಿ ಹೆಣ್ಮಕ್ಳೂ ದಾಟೂದಿಲ್ಲ."

ಲಾಲಮ್ಮ ಅಷ್ಟು ಹೆದರಿದ್ದ ದಿನ ಇದೇ, ಅದು ಬಂದು ಎದುರಿಗೇ ನಿಂತಿತ್ತು. ಅಷ್ಟು ಗಟ್ಟಿ ಹೆಣ್ಣು ನನ್ನ ಭುಜಕ್ಕೆ ಒರಗಿದಳು.

ಮರಿಲಿಂಗಮ್ಮ ಬಸ್ಸಿನ ಮೆಟ್ಟಿಲು ಇಳಿಯುತ್ತಿದ್ದಳು, ಒಂದು ಕೈಯಲ್ಲಿ ಬಾಗಿಲ ಸರಳು, ಒಂದು ಕೈಯಲ್ಲಿ ಗಂಟು. ಇಳಿದು ನೆಟ್ಟಗೆ ನಿಂತು ಮಗನನ್ನು ಕೇಳಿದಳು.

"ಈಶಪ್ಪಾ, ನಿಮ್ಮಪ್ಪ ಎಲ್ಲಿ ಸತ್ತ?"

ಗುಜುಗುಜು ನಿಂತಿತು. ಕಾಲುವೆಗೆ ನೀರು ಬಂದ ಹೊಸದರಲ್ಲಿ ಈಶಪ್ಪನ ತಂದೆ ಎತ್ತಿನ ಮೈ ತೊಳೆಯಲು ಇಳಿದು, ಕಾಲುವೆಯ ಕಲ್ಲಿನ ಮೇಲೆ ಜಾರಿ ನೀರುಪಾಲಾಗಿದ್ದ. ಇದೇ ಸೇತುವೆಯ ಕೆಳಗೆ. ಊರಿಗೆಲ್ಲ ಗೊತ್ತಿತ್ತು, ಆ ಮನೆಯವರ ಮುಂದೆ ಯಾರೂ ಆಡುತ್ತಿರಲಿಲ್ಲ.

"ಅವ್ವಾ, ಆ ಮಾತು ಈಗ್ಯಾಕ..."

"ಹೇಳು. ಗುಜರಾತದಾಗ ಸತ್ತನೇನು? ಯಾರರೆ ತಿರುಗಾಟಕ್ಕ ಒಯ್ದಿದ್ರೇನು?" ಮುದುಕಿಯ ದನಿ ಏರಲಿಲ್ಲ. "ಮನಿ ಮುಂದ ಸತ್ತ. ನೀ ಇಲ್ಲೇ ಇದ್ದಿ, ಊರಾಗಿನ ಗಂಡಸ್ರು ಎಲ್ಲಾರೂ ಇಲ್ಲೇ ಇದ್ರು. ನಾ ಸಮುದ್ರದಾಗಿಂದ ನಡಕೊಂತ ಬಂದೀನಿ."

ಈಶಪ್ಪ ತಲೆ ತಗ್ಗಿಸಿ ಬಂದು ತಾಯಿಯ ಗಂಟಿಗೆ ಕೈ ಚಾಚಿದ. ಆಕೆ ಕೊಡಲಿಲ್ಲ. ಗಂಟನ್ನು ತಲೆಯ ಮೇಲಿಟ್ಟುಕೊಂಡು, "ಲಾಲಮ್ಮಾ, ಮುಂದಿನ ವರ್ಷ ಎಲ್ಲಿಗಿ ಅಂತ ಜಲ್ದಿ ಹೇಳು" ಅಂದು, ಸೇತುವೆಯ ಕಟ್ಟೆ ಹಿಡಿದುಕೊಂಡು ಮನೆಯ ಕಡೆ ನಡೆದಳು.